ಹುರಿಹಿಟ್ಟಿನೊಳಗಿನ ಕಿವಿ

ಜನವರಿ 30, 2025, ಗುರುವಾರ. ಮದ್ದೂರು

ಇಂದು ಬೆಳಿಗ್ಗೆ, ಉಪ್ಪಿಟ್ಟಿನ ತಟ್ಟೆಯ ಮುಂದೆ, ನನ್ನನ್ನು ಮತ್ತೊಮ್ಮೆ ಉಗ್ರಾಣಕ್ಕೆ ನೇಮಿಸಲಾಯಿತು. ನೇಮಿಸಿದವರು ನನ್ನ ಅಕ್ಕ ಅಂಕಮ್ಮ, ವಯಸ್ಸು ಎಪ್ಪತ್ತೆರಡು. ತಕರಾರು ಸಲ್ಲಿಸಲು ಅವಕಾಶವಿರಲಿಲ್ಲ.

ನಮ್ಮ ವಂಶದಲ್ಲಿ ಯಾರ ಮದುವೆಯೇ ಆಗಲಿ, ಛತ್ರದ ಉಗ್ರಾಣದ ಬೀಗದ ಕೈ ನೇರ ನನ್ನ ಉಡುದಾರಕ್ಕೆ ಬಂದು ಸೇರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಸ್ಟೋರ್ ಕೀಪರ್ ಆಗಿದ್ದವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ ಎಂದು ಬಂಧುಗಳ ತೀರ್ಮಾನ. "ಚಲುವರಾಜು ಕುಂತವ್ನೆ ಅಂದ್ರೆ ಒಂದು ಏಲಕ್ಕಿನೂ ಆಚೆ ಓಗಾಕಿಲ್ಲ" ಎನ್ನುತ್ತಾರೆ. ನಿಜ, ಹೋಗಿಲ್ಲ. ನಾನೂ ಆಚೆ ಹೋಗಿಲ್ಲ. ನಲವತ್ತೊಂದು ಮದುವೆಗಳಲ್ಲಿ ಒಂದು ಧಾರೆಯನ್ನೂ ಕಂಡವನಲ್ಲ. ವಾಲಗದ ಸದ್ದು ಏರಿದಾಗ ತಾಳಿ ಕಟ್ಟಿದರೆಂದು ಗೋಡೆಯ ಈಚೆಯಿಂದಲೇ ತಿಳಿದುಕೊಂಡು, ಎದುರಿಗಿದ್ದ ಸಕ್ಕರೆ ಮೂಟೆಯ ಮೇಲೆ ನಾಲ್ಕು ಅಕ್ಷತೆ ಹಾಕಿದ್ದೇನೆ. ಆ ಮೂಟೆಗಳೆಲ್ಲ ಎಲ್ಲಿದ್ದರೂ ಸುಖವಾಗಿರಲಿ.

ಈ ಸಲ ಮದುವೆಯಿಲ್ಲ, ಛತ್ರವಿಲ್ಲ, ಉಗ್ರಾಣಕ್ಕೆ ಗೋಡೆಯೂ ಇಲ್ಲ. ಮಳವಳ್ಳಿಯಾಚೆ ಬ್ಲಫ್ ಎಂಬ ಊರಿನ ಹತ್ತಿರ, ಭತ್ತ ಕುಯ್ದ ಬಯಲಿನಲ್ಲಿ ಮೂರು ದಿನ ಸಂಗೀತೋತ್ಸವ. ಅಕ್ಕನ ಮೊಮ್ಮಗಳು ಗಗನ ಮಂಡ್ಯದಲ್ಲಿ ಓದುತ್ತಾಳೆ, ಗೆಳತಿಯರ ಜೊತೆ ಸೇರಿ ಹಾಡುತ್ತಾಳೆ. ಭಾನುವಾರ ಸಂಜೆ ಅವರ ಸರದಿ. ಹಾಡುವವರು ಗುರುವಾರವೇ ಬಂದು ಗುಡಾರದಲ್ಲಿ ತಂಗಬೇಕೆಂಬುದು ಅಲ್ಲಿಯ ವ್ರತವಂತೆ. ಅವಳ ಅಪ್ಪ ಅಮ್ಮನಿಗೆ ರಜೆಯಿಲ್ಲ. ಅಜ್ಜಿ ಕಾವಲಿಗೆ, ನಾನು ಸಾಮಾನಿನ ಕಾವಲಿಗೆ. ಉತ್ಸವದವರ ಕಾಗದದಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದೆ: "ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು." ಓದಿ ಎದೆ ಉಬ್ಬಿತು. ಕೊನೆಗೂ ನನ್ನ ಭಾಷೆಯಲ್ಲಿ ಬರೆಯುವವರು ಸಿಕ್ಕಿದರು.

ನನ್ನ ಪಾತ್ರ ಇಷ್ಟೇ ಆಗಿದ್ದರೆ ನೆಮ್ಮದಿಯಿತ್ತು. ಗಗನ ಹಾಡಬೇಕೆಂದಿರುವುದರಲ್ಲಿ ಕೊನೆಯದು ನಮ್ಮಪ್ಪನ ಗಾಣದ ಪದ. ಆಗ ಆಲೆಮನೆಗೆ ಇಂಜಿನ್ ಬಂದಿರಲಿಲ್ಲ, ಎತ್ತುಗಳೇ ಸುತ್ತುತ್ತಿದ್ದವು. ಅಪ್ಪ ಅವುಗಳ ಹಿಂದೆ ಹಾಡುತ್ತ ನಡೆಯುತ್ತಿದ್ದರು, ಅಪ್ಪನ ಹಿಂದೆ ಏಳು ವರ್ಷದ ನಾನು. ಅಕ್ಕನನ್ನು ಆಲೆಮನೆಗೆ ಬಿಡುತ್ತಿರಲಿಲ್ಲ. ಹೀಗಾಗಿ ಆ ಪದ ಗೊತ್ತಿರುವ ಪ್ರಾಣಿ ಈ ಭೂಮಿಯ ಮೇಲೆ ಒಂದೇ, ಎತ್ತುಗಳು ತೀರಿಕೊಂಡಿವೆ.

ದೀಪಾವಳಿಯಲ್ಲಿ ಗಗನ ನನ್ನಿಂದ ಹಾಡಿಸಿ ಮೊಬೈಲಿನಲ್ಲಿ ಹಿಡಿದುಕೊಂಡಿದ್ದಳು. ಈಗ ಅವಳ ಪ್ರಶ್ನೆ: "ತಾತ, 'ಸುತ್ತಿದಷ್ಟೂ' ಅನ್ನೋ ಕಡೆ ಎಳೆದಿದ್ದೀರಲ್ಲ, ಪದ ಇರೋದೇ ಹಂಗಾ, ಇಲ್ಲಾ ನಿಮ್ಗೆ ಉಸಿರು ಕಟ್ಟಿತ್ತಾ?"

"ಪದ ಇರೋದೇ ಹಂಗೆ."

"ಎಷ್ಟು ಎಳೀಬೇಕು? ನಾನ್ ಹಾಡ್ತೀನಿ, ಕೇಳಿ ಹೇಳಿ."

ಕಷ್ಟ ಇರುವುದು ಇಲ್ಲಿ. ಎದುರಿಗೆ ಕೂತು ಗಟ್ಟಿಯಾಗಿ ಆಡಿದ ಮಾತು ನನಗೆ ಕೇಳುತ್ತದೆ. ಹಾಡು ಮಾತ್ರ ಎಲ್ಲೋ ದೂರದ ತೋಟದಲ್ಲಿ ಪಂಪ್‌ಸೆಟ್ ಓಡಿದಂತೆ ಕೇಳುತ್ತದೆ. ಇದಕ್ಕೆಂದೇ ನವೆಂಬರಿನಲ್ಲಿ ಮೈಸೂರಿನಿಂದ ಬಲಗಿವಿಗೆ ಯಂತ್ರ ತಂದದ್ದು. ಹುಣಸೆ ಬೀಜದಷ್ಟಿದೆ. ಅಂಥ ನಾಜೂಕು ಪದಾರ್ಥವನ್ನು ದಿನಬಳಕೆಗೆ ಇಳಿಸುವುದು ಯಾವ ಸ್ಟೋರ್ ಕೀಪರನಿಗೂ ಒಪ್ಪುವ ಮಾತಲ್ಲ. ಬೀರುವಿನಲ್ಲಿ, ಮಖಮಲ್ ಪೆಟ್ಟಿಗೆಯಲ್ಲಿ, ತಂದ ದಿನದಂತೆಯೇ ಇದೆ. ಬ್ಲಫ್‌ನಲ್ಲಿ ಹಾಕಿಕೊಂಡು ಕೇಳುತ್ತೇನೆಂದು ಗಗನಳಿಗೆ ಮಾತು ಕೊಟ್ಟೆ.

ಫೆಬ್ರವರಿ 5, ಬುಧವಾರ

ಗಂಟುಮೂಟೆ ಕಟ್ಟಿದ್ದಾಯಿತು. ನನ್ನ ಕಡೆಯಿಂದ: ಮನೆಯ ಹಿತ್ತಾಳೆ ಬೀಗ ಒಂದು (ಮನೆ ಕಾಯಲು ಎದುರುಮನೆಯವರು ಬಂದು ಮಲಗುತ್ತಾರೆ), ಸೈಕಲ್ ಸರಪಳಿ ಒಂದು, ಹಗ್ಗ. ಅಕ್ಕನ ಕಡೆಯಿಂದ: ಕೋಡುಬಳೆ, ನಿಪ್ಪಟ್ಟು, ರವೆಉಂಡೆ, ದೊಡ್ಡ ಡಬ್ಬದ ತುಂಬ ಹುರಿಹಿಟ್ಟು. ನಾವು ಮೂವರು, ಮೂರು ದಿನ. ಹುರಿಹಿಟ್ಟು ಒಂದು ಪಟಾಲಮ್ಮಿಗೆ ಸಾಕು.

"ಇಷ್ಟು ಯಾರಿಗಕ್ಕ?"

"ಅಲ್ಲಿ ಜನ ಇರಾಕಿಲ್ವೇನ್ಲಾ?"

ನಾನು ಜನರಿಂದ ಸಾಮಾನು ಕಾಯಲು ಹೊರಟಿದ್ದೇನೆ. ಅಕ್ಕ ಜನರಿಗೆ ಸಾಮಾನು ಹಂಚಲು ಹೊರಟಿದ್ದಾಳೆ. ಇಬ್ಬರಿಗೂ ಒಂದೇ ಗುಡಾರ.

ಈಗಲೇ ಸೊಂಟ ನೋಯುತ್ತಿದೆ.

ಫೆಬ್ರವರಿ 6, ಗುರುವಾರ. ಬ್ಲಫ್ ಬಯಲು

ಮಳವಳ್ಳಿಯ ತನಕ ಬಸ್ಸು, ಆಮೇಲೆ ಆಟೋ. ಬಯಲಿನ ತುಂಬ ಗುಡಾರಗಳು ಅಣಬೆಯಂತೆ ಎದ್ದಿವೆ. ನಮ್ಮದು ನೀಲಿ. ಒಳಗೆ ನಿಲ್ಲುವಂತಿಲ್ಲ, ಕೂರುವಂತಿಲ್ಲ. ಮಲಗಿದರೆ ಭತ್ತದ ಕೂಳೆಗಳು ಬೆನ್ನಿನ ಒಂದೊಂದು ಮೂಳೆಯನ್ನೂ ಹೆಸರು ಹಿಡಿದು ವಿಚಾರಿಸುತ್ತವೆ.

ಗುಡಾರಕ್ಕೆ ಬಾಗಿಲಿಲ್ಲ, ಜಿಪ್ ಇದೆ. ಅರವತ್ತಾರು ವರ್ಷ ಬಾಳಿ, ಪ್ಯಾಂಟಿನ ತಂತ್ರಜ್ಞಾನಕ್ಕೆ ಮನೆ ಒಪ್ಪಿಸುವ ಕಾಲ ಬಂತು. ಜಿಪ್ಪಿನ ಎರಡು ತುದಿಗಳನ್ನು ಕೂಡಿಸಿ ಹಿತ್ತಾಳೆ ಬೀಗ ಜಡಿದೆ. ಕೀಲಿ ಉಡುದಾರಕ್ಕೆ. ಬೀಗದ ಭಾರಕ್ಕೆ ಗುಡಾರದ ಮುಂಭಾಗ ಜೋತುಬಿದ್ದು, ನಾಲಿಗೆ ಚಾಚಿದ ನಾಯಿಯಂತೆ ಕಾಣತೊಡಗಿತು.

ಪಕ್ಕದ ಗುಡಾರದ ಗಂಡಸು ಇದನ್ನು ತುಂಬ ಹೊತ್ತು ನೋಡಿದ. ಹೆಸರು ಝುಬೇರ್. ಕಿರುಗಾವಲಿನಲ್ಲಿ ಫ್ಯಾನು, ಮಿಕ್ಸಿ, ಮೈಕ್‌ಸೆಟ್ಟು ರಿಪೇರಿ ಅಂಗಡಿ. ಇಲ್ಲಿಯ ಚಿಕ್ಕ ವೇದಿಕೆಯ ಸ್ಪೀಕರ್ ನೋಡಿಕೊಳ್ಳಲು ಬಂದಿದ್ದಾನೆ. ಹೆಂಡತಿ ಜಬೀನ್ ಜೊತೆಗಿದ್ದಾಳೆ.

"ಯಜಮಾನ್ರೆ, ಬೀಗ ಭೇಷಾಗದೆ."

"ಹಳೇದು. ಗಟ್ಟಿ."

"ಬೀಗ ಗಟ್ಟಿ ಸರಿ. ಗೋಡೆ ಬಟ್ಟೇದಲ್ವಾ? ಒಂದು ಬ್ಲೇಡ್ ಸಾಕು. ಇನ್ನೂರು ಗುಡಾರದಾಗೆ ಇದೊಂದಕ್ಕೇ ಬೀಗ. ಕಳ್ಳ ಬಂದ್ರೆ ಹುಡುಕೋ ಕಷ್ಟ ನೀವೇ ತಪ್ಪಿಸ್ಬುಟ್ರಿ."

ಬೀಗವನ್ನು ಇನ್ನೊಮ್ಮೆ ಎಳೆದು ನೋಡಿದೆ. ಅನುಭವವಿಲ್ಲದವರ ಜೊತೆ ಚರ್ಚೆ ಸಲ್ಲದು.

ಸಂಜೆ ಗಗನ ಯಂತ್ರ ಹಾಕಿಕೊಳ್ಳಲು ಹೇಳಿದಳು. ಪೆಟ್ಟಿಗೆ ತೆಗೆದೆ. ಝುಬೇರ್ ಬಗ್ಗಿ ನೋಡಿ, "ಎಷ್ಟು ಸಣ್ಣಕ್ ಮಾಡವ್ರೆ. ಒಂದ್ ದಿನ ಬಿಚ್ಚಿ ನೋಡ್ಬೇಕು ಇದನ್ನ" ಎಂದ. ಕೂಡಲೇ ಮುಚ್ಚಳ ಮುಚ್ಚಿದೆ. ಬಯಲಿನಲ್ಲಿ ಧೂಳು ವಿಪರೀತ.

"ನಾಳೆ ಕೇಳ್ತೀನಿ ಮಗ."

"ತಾತ, ಧೂಳು ನಾಳೆನೂ ಇರುತ್ತೆ" ಎಂದಳು. ನನಗೆ ಕೇಳಿಸಲಿಲ್ಲವೆಂದು ತೋರಿಸಿದೆ. ಕಿವಿ ಮಂದವಾಗುವುದರಲ್ಲಿ ಇದೊಂದು ಸವಲತ್ತು.

ಫೆಬ್ರವರಿ 7, ಶುಕ್ರವಾರ

ಬೆಳಿಗ್ಗೆ ಹಲ್ಲುಜ್ಜುವ ಸರದಿಯಲ್ಲಿ ಸುದ್ದಿ: ಆಚೆ ಸಾಲಿನಲ್ಲಿ ಯಾರದೋ ಮೊಬೈಲು ಹೋಯಿತು. ಒಂದು ಗಂಟೆಯ ಮೇಲೆ ಅದು ಅವನದೇ ರಗ್ಗಿನ ಮಡಿಕೆಯಲ್ಲಿ ಸಿಕ್ಕಿತಂತೆ. ಸಿಕ್ಕಿದ್ದು ನನಗೆ ಮುಖ್ಯವಲ್ಲ, ಹೋದದ್ದು ಮುಖ್ಯ.

ಮಖಮಲ್ ಪೆಟ್ಟಿಗೆ ಎಂದರೆ ಕಳ್ಳನಿಗೆ ಲಗ್ನಪತ್ರಿಕೆ ಇದ್ದಂತೆ. ಯಂತ್ರವನ್ನು ಅದರಿಂದ ತೆಗೆದು, ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ತಿರುಚಿ ಗಂಟು ಹಾಕಿ, ಹುರಿಹಿಟ್ಟಿನ ಡಬ್ಬದೊಳಗೆ ಮೊಣಕೈ ತನಕ ಕೈ ಇಳಿಸಿ ಹೂತೆ. ಅಮ್ಮ ಮಾಂಗಲ್ಯದ ಸರವನ್ನು ರಾಗಿ ಹಿಟ್ಟಿನ ಮಡಕೆಯಲ್ಲೇ ಇಡುತ್ತಿದ್ದಳು. ಯಾವ ಬ್ಯಾಂಕಿನಲ್ಲೂ ಅಷ್ಟು ಭದ್ರತೆಯಿಲ್ಲ. ಅಕ್ಕನಿಗೂ ಹೇಳಲಿಲ್ಲ. ಗುಟ್ಟು ಎರಡನೆಯವರಿಗೆ ತಿಳಿದರೆ ಸ್ಟೋರು ಕೆಟ್ಟಂತೆ. ಬಿಡಿ ಸೆಲ್ಲುಗಳು ಮಾತ್ರ ಬನಿಯನ್ನಿನ ಒಳಜೇಬಿನಲ್ಲಿ ಇವೆ. ಎಲ್ಲವನ್ನೂ ಒಂದೇ ಜಾಗದಲ್ಲಿ ಇಡಬಾರದು.

ಹತ್ತು ಗಂಟೆಗೆ ಶುರುವಾಯಿತು. ಎದುರು ಗುಡಾರದ ದೀಪಿಕ ಎಂಬ ಹುಡುಗಿ ಬಂದು, "ತಾತ, ನೀವು ಹೆಂಗಿದ್ರೂ ಇಲ್ಲೇ ಕೂತಿರ್ತೀರಲ್ಲ, ಈ ಬ್ಯಾಗ್ ಒಂಚೂರು ನೋಡ್ಕೋತೀರಾ?" ಎಂದಳು. ಹೆಂಗಿದ್ರೂ. ಆ ಒಂದು ಮಾತಿನಲ್ಲಿ ನನ್ನ ಜೀವನಚರಿತ್ರೆ ಮುಗಿಯಿತು. ಅವಳ ಹಿಂದೆ ಅವಳ ಗೆಳತಿಯರು, ಅವರ ಹಿಂದೆ ಮೀಸೆ ಬಿಟ್ಟ ಇಬ್ಬರು, ಒಂದು ಗಿಟಾರು. ಮಧ್ಯಾಹ್ನಕ್ಕೆ ಗಿಟಾರೂ ಸೇರಿ ಹದಿನೇಳು ಚೀಲ. ಒಂದೊಂದಕ್ಕೂ ಒಣಹುಲ್ಲಿನಲ್ಲಿ ಬೇರೆ ಬೇರೆ ಗಂಟು ಹಾಕಿ, ಅದೇ ಗಂಟಿನ ಜೋಡಿಯನ್ನು ಯಜಮಾನರ ಕೈಗೆ ಕೊಟ್ಟೆ. ಹುಲ್ಲು ತಂದವರಿಗೆ ಚೀಲ, ಇಲ್ಲದವರಿಗಿಲ್ಲ. ಒಬ್ಬನ ಹುಲ್ಲನ್ನು ಹಸು ತಿಂದಿತ್ತು. ಅವನನ್ನು ಅರ್ಧ ಗಂಟೆ ವಿಚಾರಣೆ ಮಾಡಿ ಬಿಟ್ಟೆ.

ಮಧ್ಯಾಹ್ನ ಜಬೀನ್ ಸ್ಟೀಲ್ ಡಬ್ಬದಲ್ಲಿ ಸಿಹಿ ಶಾವಿಗೆ ತಂದುಕೊಟ್ಟಳು. ಅಕ್ಕ ಬಾಯಿ ಚಪ್ಪರಿಸಿ ತಿಂದು, ಡಬ್ಬ ತೊಳೆದು, ಸೀರೆ ಸೆರಗಿನಲ್ಲಿ ಒರೆಸಿದಳು.

"ಕೊಟ್ಟು ಬರ್ತೀನಿ ತಾಳು."

"ತೊಳ್ದಿದ್ದೀಯಲ್ಲ, ಹಂಗೇ ಕೊಡು."

"ಬರೀ ಡಬ್ಬ ಕೊಡ್ತಾರೇನ್ಲಾ ಯಾರಾರ? ಒಳ್ಳೇ ಮಾತು ಆಡ್ತೀಯ ಬುಡು."

ಒಳಗೆ ಹೋಗಿ ಏನನ್ನೋ ತುಂಬಿದಳು. ನಾನು ಚೀಲ ಎಣಿಸುತ್ತಿದ್ದೆ, ನೋಡಲಿಲ್ಲ. ಹೀಗೆ ಕೊಟ್ಟು ಕೊಟ್ಟೇ ನಿಪ್ಪಟ್ಟು ಆಗಲೇ ಖಾಲಿಯಾಗಿದೆ. ಉಗ್ರಾಣದ ಗೋಡೆ ಒಳಗಿನಿಂದ ಸವೆಯುತ್ತಿದೆ ಎಂದು ಇಲ್ಲಿ ದಾಖಲಿಸುತ್ತೇನೆ.

ಸಂಜೆ ಎಲ್ಲರೂ ದೊಡ್ಡ ವೇದಿಕೆಯ ಕಡೆ ಹೋದರು. ಅಕ್ಕನೂ ಜಬೀನಳ ಕೈ ಹಿಡಿದು ಹೋದಳು. ನಾನು ಹದಿನೇಳು ಚೀಲಗಳ ಜೊತೆ ಕೂತೆ. ನೆಲ ಮಾತ್ರ ಸಣ್ಣಗೆ ಅದುರುತ್ತಿತ್ತು. ಸಂಗೀತ ಅಂಗಾಲಿನ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು.

ಫೆಬ್ರವರಿ 8, ಶನಿವಾರ ಬೆಳಿಗ್ಗೆ

ಗಗನ ಬಂದು ಎದುರಿಗೆ ಕೂತಳು. "ತಾತ, ಇವತ್ತು ತಪ್ಪಿಸ್ಕೋಬೇಡಿ. ನಾಳೆ ಸಂಜೆ ಹಾಡೋದು."

ಸರಿ ಎಂದು ಒಳಗೆ ಹೋದೆ. ಡಬ್ಬದಲ್ಲಿ ಕೈ ಇಳಿಸಿದೆ.

ಇಲ್ಲ.

ಪಂಚೆ ಹಾಸಿ ಹಿಟ್ಟೆಲ್ಲ ಸುರಿದೆ. ಬೆರಳಲ್ಲಿ ಜಾಲಾಡಿದೆ. ಮತ್ತೆ ತುಂಬಿದೆ, ಮತ್ತೆ ಸುರಿದೆ. ಇಲ್ಲ.

ಹೊರಗೆ ಬಂದು, ತಲೆನೋವು, ಸಂಜೆ ಕೇಳ್ತೀನಿ ಮಗ, ಎಂದೆ. ಅವಳು ನನ್ನ ಮೀಸೆಯನ್ನೇ ನೋಡುತ್ತಿದ್ದಳು. ಹಿಟ್ಟಾಗಿತ್ತು.

ಅಕ್ಕನನ್ನು ಕೇಳುವಂತಿಲ್ಲ. ನಲವತ್ತೊಂದು ಮದುವೆ ಕಾದವನು, ತನ್ನದೇ ಕಿವಿಯನ್ನು ಕಾಯಲಾರದೆ ಹೋದ ಎಂದು ಅವಳು ಮದ್ದೂರಿನಿಂದ ಕೆರಗೋಡಿನ ತನಕ ಸಾರುತ್ತಾಳೆ.

ಶನಿವಾರ ಸಂಜೆ

ಬರೆಯಲು ಮನಸ್ಸಿಲ್ಲ. ಆದರೂ ದಾಖಲೆ ದಾಖಲೆಯೇ.

ಗುಡಾರಕ್ಕೆ ಬೀಗ ಇತ್ತು. ಬಟ್ಟೆ ಹರಿದಿಲ್ಲ. ಹದಿನೇಳು ಚೀಲಗಳ ಸಂದುಗೊಂದು ನೋಡಿದೆ. ಅವುಗಳ ಜಿಪ್ಪು ಮುಟ್ಟಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡೆ. ಆಮೇಲೆ ನೆನಪಾಯಿತು, ಒಂದ್ ದಿನ ಬಿಚ್ಚಿ ನೋಡ್ಬೇಕು ಎಂದದ್ದು ಯಾರು.

ಹೋಗಿ ನಿಂತೆ. ಝುಬೇರ್ ಸ್ಪೀಕರಿನ ವೈರು ಸುತ್ತುತ್ತಿದ್ದ.

"ನನ್ನ ಒಂದು ಸಾಮಾನು ಕಾಣ್ತಾ ಇಲ್ಲ" ಎಂದೆ. "ಸಣ್ಣದು. ಗಾಳಿಗೆ ಗೀಳಿಗೆ ಈ ಕಡೆ ಬಂದಿದ್ರೆ..."

ಗಾಳಿಗೆ. ಮೂವತ್ತನಾಲ್ಕು ವರ್ಷದ ಅನುಭವಕ್ಕೆ ಹೊಳೆದ ನೆವ ಇದು.

ಅವನು ನನ್ನ ಕಿವಿಯ ಕಡೆ ನೋಡಿದ, ಆಮೇಲೆ ನನ್ನ ಕಡೆ. ವೈರು ಕೆಳಗಿಟ್ಟು ತನ್ನ ಗುಡಾರದ ಜಿಪ್ಪನ್ನು ಪೂರ್ತಿ ಸರಿಸಿದ.

"ನೋಡ್ಕಳಿ ಯಜಮಾನ್ರೆ."

"ಅದಲ್ಲ, ನಾನು..."

"ಪರ್ವಾಗಿಲ್ಲ, ನೋಡ್ಕಳಿ. ಮನಸ್ನಾಗೆ ಇಟ್ಕಳ್ಳೋದಕ್ಕಿಂತ ನೋಡ್ಕಳೋದು ವಾಸಿ."

ನೋಡಿದೆ. ಬೇಡವೆಂದು ಹಿಂದಿರುಗಬಹುದಿತ್ತು, ನೋಡಿದೆ. ಸ್ಪ್ಯಾನರಿನ ಚೀಲ, ಎರಡು ರಗ್ಗು, ಬಟ್ಟೆ, ಅದೇ ಸ್ಟೀಲ್ ಡಬ್ಬ. ಕೈಯಲ್ಲಿ ಎತ್ತಿದೆ, ಭಾರವಿತ್ತು. ಇಟ್ಟೆ. ಇನ್ನೊಬ್ಬರ ಊಟದ ಡಬ್ಬ ಬಿಚ್ಚಿ ನೋಡುವಷ್ಟು ಕೆಳಗೆ ನಾನು ಇಳಿದಿಲ್ಲ. ಜಬೀನ್ ಹೊರಗೆ ನಿಂತು ಬೇರೆ ಕಡೆ ನೋಡುತ್ತಿದ್ದಳು.

ಬಂದು ಗಗನಳಿಗೆ ಒಬ್ಬಳಿಗೇ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು.

"ಹೋಗ್ಲಿ ಬಿಡಿ ತಾತ. ಆ ಪದ ಬಿಟ್ಬಿಡ್ತೀನಿ. ಮುತ್ತಾತಂದು ಅಂತ ಹೇಳಿ ತಪ್ಪಾಗಿ ಹಾಡೋದ್ ಬೇಡ. ಆಮೇಲೆ ಎಲ್ಲಾರೂ ಆ ತಪ್ಪನ್ನೇ ಕಲ್ತ್ಕೋತಾರೆ."

"ಈ ಎಡಗಿವೀಲೇ ಕೇಳ್ತೀನಿ, ಹಾಡು."

ಹತ್ತಿರ ಕೂತು ಹಾಡಿದಳು. ದೂರದ ತೋಟದಲ್ಲಿ ಪಂಪ್‌ಸೆಟ್ ಓಡಿತು. ಅವಳ ಕುತ್ತಿಗೆಯ ನರ ನೋಡಿ ತಲೆಯಾಡಿಸಿದೆ. ಅವಳು ಅರ್ಧಕ್ಕೇ ನಿಲ್ಲಿಸಿ ನನ್ನ ಕೈ ತಟ್ಟಿ ಎದ್ದು ಹೋದಳು. ನಾನು ಇನ್ನೂ ಸ್ವಲ್ಪ ಹೊತ್ತು ತಲೆಯಾಡಿಸುತ್ತಿದ್ದೆ ಎಂದು ಕಾಣುತ್ತದೆ.

ಚೀಲ ಹದಿನೇಳು. ಎಲ್ಲ ಸರಿಯಾಗಿವೆ.

ಫೆಬ್ರವರಿ 9, ಭಾನುವಾರ ಬೆಳಿಗ್ಗೆ

ಮುಖ ತೊಳೆದು ಬರುವಷ್ಟರಲ್ಲಿ ಝುಬೇರ್, ಜಬೀನ್ ಇಬ್ಬರೂ ನಮ್ಮ ಗುಡಾರದ ಮುಂದೆ ನಿಂತಿದ್ದರು. ಅಕ್ಕನೂ ಗಗನಳೂ ಎದ್ದಿದ್ದರು. ಜಬೀನಳ ಕೈಯಲ್ಲಿ ಒಂದು ಸ್ಟೀಲ್ ಲೋಟ.

"ಯಜಮಾನ್ರೆ" ಎಂದ ಝುಬೇರ್, "ನಿಮ್ ಕಿವಿ ನಮ್ ತಾವ ಇತ್ತು."

ಜಬೀನ್ ಹೇಳಿದಳು: "ಅಮ್ಮ ಕೊಟ್ಟಿದ್ರಲ್ಲ ಹುರಿಟ್ಟು, ಹಾಲು ಬೆಲ್ಲ ಹಾಕಿ ಕಲಸ್ತಾ ಇದ್ದೆ. ಕೈಗೆ ಗಟ್ಟೀಗ್ ಸಿಕ್ತು. ಕಲ್ಲು ಅಂದ್ಕಂಡು ಎಸೆಯೋಳಿದ್ದೆ, ಇವ್ರು ನೋಡುದ್ರು."

ಹುರಿಹಿಟ್ಟು. ಸ್ಟೀಲ್ ಡಬ್ಬ. ಆ ಭಾರ. ನಾನು ಕೈಯಲ್ಲಿ ಎತ್ತಿ ಇಟ್ಟಿದ್ದೆ.

ಅಕ್ಕನಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಅವಳು ನಗುತ್ತ ನೆಲಕ್ಕೇ ಕೂತಳು. "ಅಯ್ಯೋ ನನ್ ಕರ್ಮವೆ. ಕಿವಿ ಒಯ್ದು ಇಟ್ನಾಗೆ ಊತವ್ನಲ್ಲ ಇವ್ನು. ತಿಂದಿದ್ರೆ ಒಟ್ಟೆ ಒಳ್ಗೇ ಸಂಗೀತ ಕೇಳ್ಬೋದಿತ್ತು ಕಣಮ್ಮ ಜಬೀನ."

"ನಂಗೊಂದ್ ಮಾತು ಯೋಳಿದ್ರೆ ಆಯ್ತಿರ್ಲಿಲ್ವೇನ್ಲಾ?" ಎಂದು ನನ್ನ ಕಡೆ ತಿರುಗಿದಳು. "ಉಗ್ರಾಣದವ್ನಂತೆ."

ಕವರಿನ ಗಂಟು ಬಿಚ್ಚಿಕೊಂಡಿತ್ತಂತೆ. ಝುಬೇರ್ ಸಣ್ಣ ಬ್ರಷ್ಷಿನಲ್ಲಿ ಹಿಟ್ಟನ್ನೆಲ್ಲ ಕೆದಕಿ ತೆಗೆದು, ಹತ್ತಿಯಲ್ಲಿ ಒರೆಸಿದ್ದ. ಸೆಲ್ಲು ಸತ್ತಿದೆ, ಬೇರೆ ಬೇಕು ಎಂದ. ಬನಿಯನ್ನಿನ ಜೇಬಿನಿಂದ ಸೆಲ್ಲು ತೆಗೆದುಕೊಟ್ಟೆ. ಯಂತ್ರ ಕಳೆದರೂ ಸೆಲ್ಲುಗಳನ್ನು ಮಾತ್ರ ಅತ್ಯಂತ ಭದ್ರವಾಗಿ ಕಾದಿದ್ದೆನೆಂದು ಎಲ್ಲರಿಗೂ ತಿಳಿಯಿತು. ಅವನೇ ಹಾಕಿ, ನನ್ನ ಕಿವಿ ಹಿಡಿದು, ಅವನೇ ಕೂರಿಸಿದ. ಮೇಷ್ಟ್ರು ಹಿಡಿದ ಮೇಲೆ ಆ ಕಿವಿಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ.

"ಝುಬೇರ್, ನಿನ್ನೆ ನಾನು..." ಎಂದೆ.

"ನಿನ್ನೆ ಬಿಸ್ಲು ಜಾಸ್ತಿ ಇತ್ತು ಬುಡಿ" ಎಂದ.

ಅದು ನನಗೆ ಚೆನ್ನಾಗಿ ಕೇಳಿಸಿತು. ಅವನು ಮೆಲ್ಲಗೆ ಹೇಳಿದ್ದರೂ.

ಜಬೀನ್ ಲೋಟವನ್ನು ಅಕ್ಕನ ಕೈಗೆ ಕೊಟ್ಟಳು. ಒಳಗೆ ಖರ್ಜೂರ.

ಆಮೇಲೆ ಗಗನ ಹಾಡಿದಳು. ಪದ ಹೀಗೆ:

ಸುತ್ತೋ ಕೆಂದ, ಸುತ್ತೋ ಕರಿಯ,
ಸುತ್ತಿದಷ್ಟೂ ಸಿಹಿಯೋ...

ಕೇಳಿದೆ. ಧ್ವನಿ ಅಪ್ಪನದಲ್ಲ, ಹದವಾಗಿತ್ತು. ಆದರೆ "ಸುತ್ತಿದಷ್ಟೂ" ಬಂದ ಕಡೆ ಅವಳು ಎಲ್ಲ ಸುತ್ತಿನಲ್ಲೂ ಒಂದೇ ಅಳತೆಗೆ ಎಳೆಯುತ್ತಿದ್ದಳು, ಟೇಪು ಹಿಡಿದಂತೆ. ತಪ್ಪು ಎಂದೆ. ಹೇಗೆ ತಪ್ಪು ಎಂದು ಹೇಳಲು ಬಾಯಲ್ಲಿ ಆಗಲಿಲ್ಲ.

"ಎದ್ದೇಳು" ಎಂದೆ. "ನನ್ನ ಹಿಂದೆ ಬಾ."

ಎರಡೂ ಕೈ ಬೆನ್ನಿಗೆ ಕಟ್ಟಿ ಗುಡಾರದ ಸುತ್ತ ನಡೆದೆ. ಅವಳು ಹಾಡುತ್ತ ಹಿಂದೆ. ಗಾಣದ ಪಕ್ಕ ಒಂದು ಕಡೆ ಹಾಲಿನ ಕೊಪ್ಪರಿಗೆ ಹೂತಿರುತ್ತಿತ್ತು, ಅಲ್ಲಿ ಕಬ್ಬಿನ ಹಾಲು ಚೆಲ್ಲಿ ನೆಲ ಸದಾ ಜವುಗು. ಎತ್ತುಗಳು ಅಲ್ಲಿ ಬಂದಾಗ ಕಾಲು ನೋಡಿ ಇಡುತ್ತಿದ್ದವು. ಅವು ನಿಧಾನವಾದರೆ ಅಪ್ಪ ನಿಧಾನ, ಅಪ್ಪ ನಿಧಾನವಾದರೆ ಪದ ನಿಧಾನ. ಬೆಳಿಗ್ಗೆ ನೆಲ ಗಟ್ಟಿಯಿದ್ದಾಗ ಎಳೆತ ಕಡಿಮೆ, ಹೊತ್ತು ಏರಿದಂತೆ ಜಾಸ್ತಿ. ಇಷ್ಟೆಲ್ಲ ನನಗೆ ಗೊತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಕಾಲಿಗೆ ಗೊತ್ತಿತ್ತು.

ಝುಬೇರನ ಗುಡಾರದ ಪಕ್ಕ ಯಾರೋ ನೀರು ಚೆಲ್ಲಿದ್ದರು. ಪ್ರತಿ ಸುತ್ತಿಗೂ ಅಲ್ಲಿ ನಿಧಾನ ಮಾಡಿದೆ. ಆರನೆಯ ಸುತ್ತಿಗೆ ಅವಳಿಗೆ ಸಿಕ್ಕಿತು.

"ತಾತ, ಇದು ಎಳೆಯೋದಲ್ಲ. ಕಾಯೋದು" ಎಂದಳು.

ಅಕ್ಕ ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಿದ್ದಳು. "ಎತ್ತು ಮುದೀದಾಗದೆ, ಆದ್ರೂ ನಡೀತದೆ" ಎಂದಳು ಜಬೀನಳಿಗೆ.

ಫೆಬ್ರವರಿ 10, ಸೋಮವಾರ. ಮದ್ದೂರು

ಮೈಕೈ ಎಲ್ಲ ನೋವು. ಮಧ್ಯಾಹ್ನದ ತನಕ ಮಲಗಿದ್ದೆ. ನಿನ್ನೆಯ ದಾಖಲೆ ಬಾಕಿ.

ಆರೂವರೆಗೆ ಗಗನಳ ಸರದಿ. ಆರು ಗಂಟೆಗೆ ನನ್ನ ಬಳಿ ಅದೇ ಹದಿನೇಳು ಚೀಲ. ಯಾರೂ ಹುಲ್ಲು ಹಿಡಿದುಕೊಂಡು ಬರುವ ಲಕ್ಷಣವಿಲ್ಲ. ದೀಪಿಕ ಓಡುತ್ತ ಹೋಗುತ್ತಿದ್ದವಳು, "ತಾತ, ಅಲ್ಲೇ ಇರ್ಲಿ, ಹಾಡು ಮುಗುದ್ಮೇಲೆ ತಗೋತೀವಿ" ಎಂದು ಕೂಗಿ ಹೋದಳು. ಝುಬೇರ್ ವೇದಿಕೆಯ ಕೆಲಸದಲ್ಲಿದ್ದ. ಜಬೀನ್ ಅಕ್ಕನನ್ನು ಕರೆದುಕೊಂಡು ಮುಂದೆ ಹೋಗಿ ಜಾಗ ಹಿಡಿದಿದ್ದಳು.

ಗುಡಾರದ ಮುಂದೆ ನಿಂತೆ. ಬೀಗ ಹಾಕಿದರೆ, ಅವರು ಮೊದಲೇ ಬಂದರೆ ಚೀಲ ಸಿಗುವುದಿಲ್ಲ. ಹಾಕದಿದ್ದರೆ ಇದು ಉಗ್ರಾಣವೇ ಅಲ್ಲ. ಇಷ್ಟು ಯೋಚಿಸುವಷ್ಟರಲ್ಲಿ ಅಲ್ಲಿ ತಂಬೂರಿ ಶ್ರುತಿ ಎದ್ದಿತು. ಅದು ನನಗೆ ಕೇಳಿಸಿತು. ಇಷ್ಟು ದೂರದಿಂದ.

ಬೀಗವನ್ನು ಜಿಪ್ಪಿನ ಒಂದು ತುದಿಗೆ ತೆರೆದೇ ನೇತುಹಾಕಿ ಹೊರಟೆ. ನೇತುಹಾಕಿದ್ದು ಯಾಕೆಂದು ಗೊತ್ತಿಲ್ಲ. ಬೀಗ ಇದೆ ಎಂದು ಕಾಣಲಿ ಅಂತಿರಬೇಕು.

ಅಕ್ಕ ಎರಡನೆಯ ಸಾಲಿನಲ್ಲಿ ತನ್ನ ಸೆರಗು ಹಾಸಿ ಜಾಗ ಇಟ್ಟಿದ್ದಳು. "ಸಾಮಾನು?" ಎಂದಳು. "ಅದೆ" ಎಂದೆ. ಸೆರಗು ಎಳೆದುಕೊಂಡು ಜಾಗ ಬಿಟ್ಟಳು.

ಹಾಡುಗಳ ಬಗ್ಗೆ ಬರೆಯಲು ನನಗೆ ಬಾರದು. ಕೊನೆಯದು ಅಪ್ಪನ ಪದ. ಗಗನ ಮೈಕಿನ ಮುಂದೆ ನಿಂತೇ ಹಾಡಿದಳು, ನಡೆಯಲಿಲ್ಲ, ಆದರೆ "ಸುತ್ತಿದಷ್ಟೂ" ಬಂದಾಗಲೆಲ್ಲ ಅವಳ ಬಲಗಾಲು ಒಂದಿಷ್ಟು ಮೇಲೆದ್ದು, ನೆಲ ನೋಡಿ ಇಳಿಯುತ್ತಿತ್ತು. ಮೊದಲ ಸುತ್ತಿಗೆ ಚೂರು, ಕೊನೆಯ ಸುತ್ತಿಗೆ ಬಹಳ. ಆ ಕೊನೆಯ ಸಲ ಅಷ್ಟು ಜನವೂ ಅವಳ ಕಾಲು ಇಳಿಯುವ ತನಕ ಸುಮ್ಮನೆ ಕಾದರು.

ತಪ್ಪಿಲ್ಲ. ಸರಕು ಬಂದು ತಲುಪಿದೆ. ಸಹಿ ಮಾಡುವುದಾದರೆ ಮಾಡುತ್ತೇನೆ.

ಅಕ್ಕ ಮೂಗು ಒರೆಸಿಕೊಂಡು, "ಇಂಗಿತ್ತಾ ಅದು?" ಎಂದು ಕೇಳಿದಳು. ಅವಳು ಅಪ್ಪನ ಪದವನ್ನು ಪೂರ್ತಿಯಾಗಿ ಕೇಳಿದ್ದೇ ಮೊದಲ ಸಲ ಎಂದು ಆಗ ಹೊಳೆಯಿತು. ಅರವತ್ತು ವರ್ಷ ಒಂದೇ ಮನೆಯವರು, ನಾನು ಅವಳಿಗೆ ಒಮ್ಮೆಯೂ ಹಾಡಿರಲಿಲ್ಲ. ಇಟ್ಟುಕೊಂಡಿದ್ದೆ.

ಹಿಂದಿರುಗಿದಾಗ ಗುಡಾರ ಬಾಯಿ ತೆರೆದುಕೊಂಡು ಬಿದ್ದಿತ್ತು. ಚೀಲಗಳ ಯಜಮಾನರು ಬಂದು ತಂತಮ್ಮದು ತೆಗೆದುಕೊಂಡಿದ್ದರು, ಹುಲ್ಲಿನ ಗಂಟುಗಳನ್ನು ಸಾಲಾಗಿ ರಗ್ಗಿನ ಮೇಲೆ ಇಟ್ಟು. ಎಣಿಸಿದೆ, ಹದಿನಾರು. ಹಸು ತಿಂದದ್ದು ಒಂದು. ಲೆಕ್ಕ ಸರಿ. ನಮ್ಮ ಸಾಮಾನಿನಲ್ಲಿ ಒಂದು ಕಡ್ಡಿಯೂ ಕದಲಿರಲಿಲ್ಲ. ರವೆಉಂಡೆ ಕೂಡ ಹಾಗೇ ಇತ್ತು.

ಬೀಗ ಮಾತ್ರ ಇರಲಿಲ್ಲ.

ಸುತ್ತ ಹುಡುಕಿದೆ, ಕೂಳೆಯಲ್ಲಿ, ಹುಲ್ಲಿನಲ್ಲಿ. ಯಾರೋ ಕದ್ದಿದ್ದಾರೆ. ಇನ್ನೂರು ಗುಡಾರಗಳ ಬಯಲಿನಲ್ಲಿ ಮೂರು ದಿನದ ಏಕಮಾತ್ರ ಕಳವು. ಝುಬೇರ್ ವೈರಿನ ಸುರುಳಿ ಹೊತ್ತುಕೊಂಡು ಬಂದು ವಿಷಯ ಕೇಳಿ ಸುರುಳಿ ಕೆಳಗಿಟ್ಟ. ಆಮೇಲೆ ತನ್ನ ಗುಡಾರದ ಜಿಪ್ಪನ್ನು ಪೂರ್ತಿ ಸರಿಸಿ, "ನೋಡ್ಕಳಿ ಯಜಮಾನ್ರೆ" ಎಂದ.

ಮೊದಲು ನಕ್ಕಿದ್ದು ಜಬೀನ್. 

ಫೆಬ್ರವರಿ 16, ಭಾನುವಾರ

ಈ ವಾರ ಬರೆಯುವಂಥದ್ದೇನೂ ಇರಲಿಲ್ಲ. ಅಕ್ಕ ಗೊರಕೆ ಹೊಡೆಯುತ್ತಾಳೆಂಬುದು ಹೊಸ ವಿಷಯ. ಕುಕ್ಕರಿನ ವಿಷಲ್ ಇಷ್ಟು ಕರ್ಕಶವೆಂಬುದೂ ಹೊಸದು. ಮಖಮಲ್ ಪೆಟ್ಟಿಗೆಯಲ್ಲಿ ಅಕ್ಕ ಲವಂಗ ಹಾಕಿಟ್ಟಿದ್ದಾಳೆ.

ಮಳವಳ್ಳಿಯ ಲಿಂಗಯ್ಯ ಫೋನ್ ಮಾಡಿದ್ದ. ಮುಂದಿನ ತಿಂಗಳು ಮಗಳ ಮದುವೆ. "ಮಾವ, ಉಗ್ರಾಣಕ್ಕೆ ನೀವೇ ಕಣ್ರೀ ಮತ್ತೆ." ಬೀಗ ಕಳೆದುಹೋಗಿದೆ ಎಂದೆ. ಛತ್ರದವರದೇ ಬೀಗ ಇರ್ತದೆ ಎಂದ. ಧಾರೆ ಎಷ್ಟು ಗಂಟೆಗೆ ಎಂದು ಕೇಳಿದೆ. ಅವನು ಆಶ್ಚರ್ಯಪಟ್ಟಂತೆ ಕಾಣಿಸಿತು, ಯಾಕೋ ತಿಳಿಯದು.

ಜಬೀನಳ ಸ್ಟೀಲ್ ಲೋಟ ನಮ್ಮಲ್ಲೇ ಉಳಿದುಬಿಟ್ಟಿದೆ. ಖರ್ಜೂರ ಮುಗಿದು ನಾಲ್ಕು ದಿನವಾಯಿತು. ಬರಿದಾಗಿ ಕೊಡುವಂತಿಲ್ಲ. ನಾಳೆ ಬೆಳಿಗ್ಗೆಯ ಬಸ್ಸಿಗೆ ಕಿರುಗಾವಲಿಗೆ ಹೊರಡುವುದೆಂದು ಅಕ್ಕ ತೀರ್ಮಾನಿಸಿ, ಸಂಜೆಯಿಂದ ಹುರಿಹಿಟ್ಟಿಗೆ ರಾಗಿ ಹುರಿಯುತ್ತಿದ್ದಾಳೆ. ಘಮ ಬರುತ್ತಿದೆ. ಅರಳು ಸಿಡಿಯುವ ಸದ್ದೂ ಕೇಳುತ್ತಿದೆ.

ಮನೆಗೆ ಬೀಗವಿಲ್ಲ. ಹೊಸದು ತರಬೇಕೆಂದು ಎರಡು ಸಲ ಪೇಟೆಗೆ ಹೋಗಿ, ಬೇರೇನೋ ತಂದೆ. ಚಿಲಕ ಹಾಕಿ ಹೋದರಾಯಿತು.